ಐ7 ಅಂದಕೂಡ್ಲೇ ಅಡ್ವಾನ್ಸ್ ಕೊಡಬ್ಯಾಡ್ರಿ ಕಾಕಾ

ಕಾಕಾ, ನಮಸ್ಕಾರ್ರಿ. ಟೈಪ್ ಮಾಡಕೋತ ಕುಂತ್ರ ಇವತ್ತ ಮುಗಿಯಂಗಿಲ್ಲ, ಅದಕ್ಕ ಮಾತಾಡೇ ಕಳಸಾಕತ್ತೀನಿ. ಉದ್ದ ಆಗತೈತಿ, ಊಟಾ ಮಾಡಕೋತ ಕೇಳ್ರಿ. ಗ್ರೂಪ್‌ನಾಗ ಉಳಿದವ್ರಿಗೆ ಬ್ಯಾಸರಾದ್ರ ಬಿಟ್ಟುಬಿಡ್ರಿ, ಆದ್ರ ಮನ್ಯಾಗ ಪಿಯುಸಿ ಮುಗಿಸಿದ ಹುಡುಗ್ರು ಇದ್ದವ್ರು ಕೇಳಿದ್ರ ಚಲೋ. ಇವತ್ತ ತಮ್ಮಂದು, ನಾಳೆ ನಿಮ್ಮ ಮಗಂದು.

ತಮ್ಮ ನಿನ್ನೆ ರಾತ್ರಿ ಹಾಕಿದ ಕೊಟೇಶನ್ ಫೋಟೋ ನೋಡಿದೆ. ಐ7 ಗೇಮಿಂಗ್ ಪಿಸಿ, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್, 500 ವ್ಯಾಟ್ ಎಸ್‌ಎಂಪಿಎಸ್ ಅಂದ್ರ ಒಳಗಿನ ಸಾಮಾನಿಗೆಲ್ಲಾ ಕರೆಂಟ್ ಕೊಡೂ ಡಬ್ಬಿ, ಲೈಟ್ ಹಚ್ಚಿದ ಕ್ಯಾಬಿನೆಟ್, ಎಲ್ಲಾ ಸೇರಿ 38 ಸಾವಿರ. ಅದರ ಕೆಳಗ ನೀವು, "ನಾ 60 ಸಾವಿರದ ತಯಾರಿ ಮಾಡಿದ್ದೆ, 38ಕ್ಕ ಐ7 ಬರಾಕತ್ತೈತಿ, ನಾಳೆ ಅಡ್ವಾನ್ಸ್ ಕೊಡ್ಲೇನು?" ಅಂತ ಕೇಳೀರಿ.

ಕೊಡಬ್ಯಾಡ್ರಿ. ಅಂಗಡಿಯಂವ ಮೋಸಗಾರ ಅಂತ ನಾ ಅನ್ನಂಗಿಲ್ಲ, ಬರದದ್ದು ಬಹುತೇಕ ಖರೆನ ಐತಿ. ಆದ್ರ ಏನು ಬರದಿಲ್ಲೋ ಅದರಾಗ ಆಟ ಐತಿ. ಫೋಟೋ ದೊಡ್ಡದ ಮಾಡಿ ನೋಡ್ರಿ, ಐ7ರ ಮುಂದ ಸಣ್ಣ ಅಕ್ಷರದಾಗ 3770 ಅಂತ ಐತಿ. ಅದು ಇಂಟೆಲ್ ಕಂಪನಿಯ 2012ರ ಪ್ರೊಸೆಸರ್, ಅಂದ್ರ ಕಂಪ್ಯೂಟರ್‌ನ ಮೆದುಳು. ತಮ್ಮ ಆವಾಗ ಅಂಗನವಾಡಿಗಿ ಹೊಂಟಿದ್ದ. ಆಫೀಸುಗಳಾಗ ಹಳೇ ಕಂಪ್ಯೂಟರ್ ತಗದು ಹಾಕ್ತಾರಲ್ಲ, ಅದರಾಗಿಂದ ಬಿಚ್ಚಿದ ಪ್ರೊಸೆಸರ್, ಹೊಸಾ ಮದರ್‌ಬೋರ್ಡ್ ಮ್ಯಾಲ ಕುಂಡರಿಸಿ ಕೊಡ್ತಾರ. ರ‍್ಯಾಮ್ 16 ಜಿಬಿ ಐತಿ ಖರೆ, ಆದ್ರ ಡಿಡಿಆರ್3, ಅಂದ್ರ ಹಳೇ ತಲಿಮಾರಿಂದು. ನಾಳೆ ಬೋರ್ಡ್ ಬದಲಿಸಿದ್ರ ಆ ರ‍್ಯಾಮ್ ಈಗಿನ ಪ್ರೊಸೆಸರ್‌ಗಳ ಯಾವ ಬೋರ್ಡಿಗೂ ಕೂಡಂಗಿಲ್ಲ. ವಿಂಡೋಸ್ 11ಕ್ಕ ಇಂಟೆಲ್‌ದು 8ನೇ ಜನರೇಶನ್‌ನಿಂದ ಮುಂದಿಂದ ಬೇಕು, ಇದು 3ನೇದು. ವಿಂಡೋಸ್ 10ಕ್ಕ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕ ಬಾಗಲಾ ಹಾಕ್ತು, ಮಾಮೂಲಿ ಅಪ್‌ಡೇಟ್ ನಿಂತ್ವು. ಇನ್ನ ತಮ್ಮ ಹಗಲೂ ರಾತ್ರಿ ಜಪಾ ಮಾಡೂ ವ್ಯಾಲರಂಟ್ ಆಟ ಐತಲ್ಲ, ಅದು ವಿಂಡೋಸ್ 11ರ ಮ್ಯಾಲ ಟಿಪಿಎಂ 2.0 ಮತ್ತ ಸೆಕ್ಯೂರ್ ಬೂಟ್ ಅನ್ನೂ ಭದ್ರತಾ ವ್ಯವಸ್ಥಾ ಇಲ್ದ ಒಳಗ ಬಿಟ್ಟುಕೊಳ್ಳಂಗಿಲ್ಲ. ಇಷ್ಟ ಹಳೇ ಪ್ರೊಸೆಸರ್ ಕೂಡೂ ಬೋರ್ಡಿನಾಗ ಟಿಪಿಎಂ 2.0 ಎಲ್ಲಿಂದ ತರೂದು?

2022ರಾಗ ಬಂದ ಐ3-12100ಎಫ್ ಅನ್ನೂದಕ್ಕೂ ಈ ಐ7ಕ್ಕೂ ಕೋರ್ ಅಂದ್ರ ಕೆಲಸಾ ಮಾಡೂ ಭಾಗದ ಲೆಕ್ಕ ಒಂದ, ನಾಕು ಕೋರ್, ಎಂಟು ಥ್ರೆಡ್ ಅಂದ್ರ ಒಮ್ಮೆಲೆ ನಡಸೂ ಕೆಲಸದ ಸಾಲು. ಆದ್ರ ಒಂದೊಂದು ಕೋರ್‌ನ ಓಟ ನೋಡಿದ್ರ ಐ3 ಈ ಐ7ನ್ನ ಎಲ್ಲೋ ಹಿಂದ ಬಿಡತೈತಿ. ಅದಕ್ಕ 3, 5, 7 ಅಂತ ನೋಡಬ್ಯಾಡ್ರಿ, ಅದರ ಮುಂದಿನ ನಾಕೈದು ಅಂಕಿ ಓದ್ರಿ.

ಇನ್ನ 4 ಜಿಬಿ ಗ್ರಾಫಿಕ್ಸ್, ಅಂದ್ರ ಆಟದ ಚಿತ್ರಾ ಮೂಡಸೂ ಕಾರ್ಡ್. ಅದು ಜಿಟಿ 730, 2014ರದು. ಅದನ್ನ ಮಾಡಿದ ಎನ್‌ವಿಡಿಯಾ ಕಂಪನಿಯವ್ರು ಅದಕ್ಕ ಹೊಸಾ ಗೇಮ್ ಡ್ರೈವರ್ ಸಾಫ್ಟ್‌ವೇರ್ ಕೊಡೂದ 2021ರಾಗ ನಿಲ್ಲಿಸ್ಯಾರ. ಜಿಬಿ ಅಂದ್ರ ಕಾರ್ಡಿನ ಮೆಮೊರಿ ಎಷ್ಟು ಅಂತಷ್ಟ, ಅದರಾಗ ದಮ್ ಎಷ್ಟೈತಿ ಅಂತಲ್ಲ. ಒಂದು ಸ್ಕ್ರೀನ್ ಹಚ್ಚಾಕ ಚಲೋ ಐತಿ ಬಿಡ್ರಿ, ಆಟಕ್ಕಲ್ಲ.

ತಮ್ಮಾ, ಈಗ ನಿನಗ ಹೇಳಾಕತ್ತೀನಿ, ಇಯರ್‌ಫೋನ್ ಹಾಕ್ಕೋ. ಬೇಕಾದ್ರ ಬರಕೋ.

ಗೇಮಿಂಗ್ ಕಂಪ್ಯೂಟರ್‌ನಾಗ ದುಡ್ಡು ಮೊದಲ ಗ್ರಾಫಿಕ್ಸ್ ಕಾರ್ಡಿಗೆ. ಹತ್ತು ರೂಪಾಯಿದಾಗ ಹತ್ರಹತ್ರ ನಾಕು ಅದಕ್ಕ ಹೋಗ್ಲಿ, ಪ್ರೊಸೆಸರ್‌ಗೆ ಒಂದೂವರಿ, ಭಾಳಂದ್ರ ಎರಡು. ದೊಡ್ಡ ಪ್ರೊಸೆಸರ್ ತಗೊಂಡು ಸಣ್ಣ ಕಾರ್ಡ್ ಹಚ್ಚೂದು ಅಂದ್ರ ಒಂದ ನೊಗಕ್ಕ ಎತ್ತು ಕರಾ ಹೂಡಿದಂಗ. 1080, ಅಂದ್ರ ಫುಲ್ ಎಚ್‌ಡಿ ಸ್ಕ್ರೀನಿನಾಗ ಆಡಾಂವಗ 8 ಜಿಬಿ ಇರೂ ಕಾರ್ಡ್ ಇರ್ಲಿ. ಸಿಕ್ಕರ ಎಎಂಡಿ ಕಂಪನಿಯ ಆರ್‌ಎಕ್ಸ್ 6600, ಇಲ್ಲಾಂದ್ರ ಎನ್‌ವಿಡಿಯಾದ ಆರ್‌ಟಿಎಕ್ಸ್ 5050. ಆರ್‌ಟಿಎಕ್ಸ್ 3050 ಅಂತ ತೋರಸ್ತಾರ, ಹುಷಾರಾಗಿರು, ಆ ಹೆಸರಿನಾಗ ಎರಡು ಅದಾವ. 2022ರ 8 ಜಿಬಿದು ಒಂದು, 2024ರಾಗ ಬಂದ 6 ಜಿಬಿದು ಒಂದು. ಹೆಸರು ಒಂದ, ಆದ್ರ 6 ಜಿಬಿದರಾಗ ಮೆಮೊರಿ ಅಷ್ಟ ಅಲ್ಲ, ಒಳಗಿನ ಕೋರ್ ಸುದ್ದಾ ಕಡಿಮಿ. ಅದರ ಒಂದ ಚಲೋ ಗುಣ ಅಂದ್ರ 70 ವ್ಯಾಟ್‌ನಾಗ ಮುಗಿಸತೈತಿ, ಬ್ಯಾರೆ ವೈರ್ ಬೇಕಾಗಂಗಿಲ್ಲ. ಹಳೇ ಆಫೀಸ್ ಕಂಪ್ಯೂಟರ್‌ಗೆ ಹಚ್ಚಾವ್ರಿಗೆ ಅದು ಸರಿ, ನಿನಗಲ್ಲ. ಆಟ ಅಷ್ಟ ಅಂದ್ರ ನನ್ನ ಓಟು 6600ಕ್ಕ, 3050ಕ್ಕಿಂತ ಸರಳ ಮುಂದ ಐತಿ. ಕಾಲೇಜಿನಾಗ ಎಐ ಕಲೀತೀನಿ, ಅದಕ್ಕ CUDA ಅನ್ನೂ ಸಾಫ್ಟ್‌ವೇರ್ ಬೇಕು ಅಂದ್ರ ಎನ್‌ವಿಡಿಯಾನ ತಗೋಬೇಕು, ಯಾಕಂದ್ರ CUDA ಅವರದ. ಆದ್ರ ಅಪ್ಪನ ಮುಂದ "ಓದಾಕ ಬೇಕು" ಅಂತ ಸುಮ್ನ ಕಥಿ ಕಟ್ಟಬ್ಯಾಡ. ಕಾಕಾ, ಅಂವ ಆಡಾಕ ಕೇಳಾಕತ್ತಾನ, ಆಡ್ಲಿ ಬಿಡ್ರಿ, ಪಿಯುಸಿ ಮುಗಿಸ್ಯಾನ.

ಪ್ರೊಸೆಸರ್ ಎಎಂಡಿದ ರೈಝೆನ್ 5 5600. ಆರು ಕೋರ್, ಹನ್ನೆರಡು ಥ್ರೆಡ್, ಫ್ಯಾನ್ ಡಬ್ಬಿಯೊಳಗ ಬರತೈತಿ. ಇಂಟೆಲ್ ಕಡೆ ಹೋದ್ರ ಐ5-12400ಎಫ್, ರೊಕ್ಕ ಸಾಲದಿದ್ರ ಆ ಐ3-12100ಎಫ್. ಇಂಟೆಲ್ ಹೆಸರಿನ ಕೊನೀಗೆ 'ಎಫ್' ಇದ್ರ ಒಳಗ ಗ್ರಾಫಿಕ್ಸ್ ಇಲ್ಲ ಅಂತ ತಿಳ್ಕೊ, 5600ಕ್ಕೂ ಇಲ್ಲ, ಕಾರ್ಡ್ ಇಲ್ದ ಸ್ಕ್ರೀನ್ ಕರ‍್ರಗ. ಎಎಂ5, ಅಂದ್ರ ಎಎಂಡಿದ ಹೊಸಾ ಸಾಕೆಟ್ ಇರೂ ಬೋರ್ಡ್ ಯಾಕ ಬ್ಯಾಡ ಅಂತ ನೀ ಕೇಳೇ ಕೇಳ್ತಿ. ಅದಕ್ಕ ಮುಂದ ಹಾದಿ ಐತಿ, 2027ರ ತನಕಾರ ಆ ಸಾಕೆಟ್ ನಡಸ್ತೀವಿ ಅಂತ ಎಎಂಡಿ ಹೇಳೈತಿ. ನಿನ್ನ 5600 ಕೂಡೂ ಎಎಂ4 ಹಾದಿ ಮುಗೀತು, ಖರೆ. ಆದ್ರ ಎಎಂ5ಕ್ಕ ಡಿಡಿಆರ್5 ರ‍್ಯಾಮೇ ಬೇಕು, ಮತ್ತ ಈಗ ರ‍್ಯಾಮ್ ರೇಟು ನೋಡಿದಿಯಾ? 2025ರ ಕೊನೀಗೆ ಏರಾಕ ಹತ್ತಿದ್ದು, ಎಐ ಡೇಟಾ ಸೆಂಟರ್‌ನವ್ರು ಮೆಮೊರಿ ಎಲ್ಲಾ ಬಾಚಿಕೊಂಡು ಹೊಂಟಾರ. ಕ್ರೂಶಿಯಲ್ ಅಂತ ರ‍್ಯಾಮ್, ಎಸ್‌ಎಸ್‌ಡಿ ಬರತಿದ್ವಲ್ಲ, ನಮ್ಮಂಥ ಗಿರಾಕಿಗೆ ಅದನ್ನ ಮಾರೂದ ನಿಲ್ಲಸ್ತೀವಿ ಅಂತ ಮೈಕ್ರಾನ್ ಕಂಪನಿ 2025ರ ಡಿಸೆಂಬರ್‌ನಾಗ ಹೇಳಿಬಿಡ್ತು. ಅದಕ್ಕ ಡಿಡಿಆರ್4ನ್ಯಾಗ ಇರು. 8 ಜಿಬಿದು ಎರಡು ಕಡ್ಡಿ ತಗೋ, 16ರದು ಒಂದ ಕಡ್ಡಿ ಬ್ಯಾಡ, ಎರಡಿದ್ರ ಪ್ರೊಸೆಸರ್‌ಗೆ ಎರಡು ದಾರಿ ಸಿಗತಾವ. ಗೆಳ್ಯಾರ ಹತ್ರ ಹಳೇ ಡಿಡಿಆರ್4 ಇದ್ರ ಟೆಸ್ಟ್ ಮಾಡಿ ತಗೋ, ರ‍್ಯಾಮ್ ಅಷ್ಟು ಸುಲಭಕ್ಕ ಕೆಡಂಗಿಲ್ಲ. ಹಳೇ ಗ್ರಾಫಿಕ್ಸ್ ಕಾರ್ಡ್ ಮಾತ್ರ, ಬಿಲ್ಲು ವಾರಂಟಿ ಇಲ್ಲಾಂದ್ರ, ಮುಟ್ಟಬ್ಯಾಡ.

ಒಂದ್ನಿಮಿಷ... ಹಾಂ, ಕುಕ್ಕರ್ ಆಫ್ ಮಾಡಿ ಬಂದೆ.

ಈಗ ಎಸ್‌ಎಂಪಿಎಸ್. ಕಾಕಾ, ಇದನ್ನ ನೀವೂ ಕೇಳ್ರಿ, ನಿಮಗ ಇದು ತಮ್ಮಗಿಂತ ಚಲೋ ತಿಳೀತೈತಿ. ತಮ್ಮ ಎರಡನೇ ಫೋಟೋದಾಗ ಡಬ್ಬಿ ಮ್ಯಾಲಿನ ಚೀಟಿ ತಗದಾನ. ಮ್ಯಾಲ ದೊಡ್ಡ ಅಕ್ಷರದಾಗ 500 ಅಂತ ಐತಿ. ಅದರ ಕೆಳಗಿನ ಪಟ್ಟಿದಾಗ 12 ವೋಲ್ಟ್ ಅಂತ ಇರೂ ಮನಿ ನೋಡ್ರಿ, 15 ಆಂಪಿಯರ್ ಅಂತ ಬರದಾರ. ವೋಲ್ಟ್‌ಗೆ ಆಂಪಿಯರ್ ಗುಣಿಸಿದ್ರ ವ್ಯಾಟ್, 12 ಹದಿನೈದ್ಲೆ ಎಷ್ಟು? 180. ಪ್ರೊಸೆಸರ್, ಕಾರ್ಡ್ ಎರಡೂ ಉಣ್ಣೂದು ಆ 12 ವೋಲ್ಟ್ ಲೈನಿನ ಮ್ಯಾಲ. ಆರ್‌ಎಕ್ಸ್ 6600ಕ್ಕ 132 ವ್ಯಾಟ್, 5600ಕ್ಕ 65, ಕೂಡಿದ್ರ 197. ಅಲ್ಲಿಗೇ 180 ದಾಟ್ತು, ಇನ್ನ ಫ್ಯಾನು, ಡಿಸ್ಕು, ಬೋರ್ಡು ಬ್ಯಾರೆ. ಆಟ ಜೋರಾದಾಗ ಕಂಪ್ಯೂಟರ್ ಪಟ್ ಅಂತ ಆಫ್ ಆಗತೈತಿ, ಹುಡುಗ್ರು ಕಾರ್ಡಿಗೆ ಬೈತಾರ. ಕೆಲವೊಮ್ಮಿ ಅದು ಸುಡೂದಷ್ಟ ಅಲ್ಲ, ಬೋರ್ಡನ್ನೂ ಜೋಡಿ ಕರಕೊಂಡು ಹೋಗತೈತಿ. ಕ್ಯಾಬಿನೆಟ್ ಜೋಡಿ ಪುಗಸಟ್ಟೆ ಬರೂ ಎಸ್‌ಎಂಪಿಎಸ್ ಅಲ್ಲೇ ಬಿಟ್ಟು ಬಾ. 550 ವ್ಯಾಟ್, ಕರೆಂಟ್ ಪೋಲು ಕಡಿಮಿ ಅಂತ ಹೇಳೂ 80 ಪ್ಲಸ್ ಬ್ರಾಂಝ್ ಮುದ್ರಿ, 12 ವೋಲ್ಟ್ ಮನ್ಯಾಗ 40 ಆಂಪಿಯರ್ ಮ್ಯಾಲ ಇರಬೇಕು. ಕಾರ್ಡಿಗೆ ಹಚ್ಚೂ 8 ಪಿನ್ ವೈರ್ ಅದರಾಗ ಐತಿಲ್ಲೋ ಅಲ್ಲೇ ನೋಡ್ಕೊ. ಎಲ್ಲೆ ಬೇಕಾದಲ್ಲಿ ಉಳಸು, ಇಲ್ಲಿ ಉಳಸಬ್ಯಾಡ.

ಮತ್ತ ಕಾಕಾ, ಮ್ಯಾಲಿನ ಖೋಲ್ಯಾಗ ಅರ್ಥಿಂಗ್ ಐತೇನ್ರಿ? ಮೂರು ಪಿನ್ನಿನ ಸಾಕೆಟ್ ಇದ್ರ ಅರ್ಥಿಂಗ್ ಐತಿ ಅಂತಲ್ಲ, ಹಿಂದ ವೈರ್ ಹೋಗೇದೋ ಇಲ್ಲೋ ಮಿಸ್ತ್ರಿ ಕರಸಿ ನೋಡಸ್ರಿ. ಬರಿಗಾಲಿಲೆ ಕ್ಯಾಬಿನೆಟ್ ಮುಟ್ಟಿದ್ರ ಬೆರಳಿಗೆ ಜುಮ್ ಅಂದ್ರ ಅದು ಅರ್ಥಿಂಗ್ ಇಲ್ಲದ ಲಕ್ಷಣ. ಯುಪಿಎಸ್ ತಗೋತೀರಿ ಅಂದ್ರ 600 ವಿಎ ಅಂತ ಬರದದ್ದು ಸಾಮಾನ್ಯ 360 ವ್ಯಾಟ್ ಅಷ್ಟ. ಅದರ ಮ್ಯಾಲ ಕರೆಂಟ್ ಹೋದಾಗ ಆಡೂದಲ್ಲ, ಆಟ ಮುಚ್ಚಿ ಬಂದ್ ಮಾಡಾಕಷ್ಟ. ಸಾಧ್ಯ ಆದ್ರ 1000 ವಿಎ ತಗೋರಿ. ಮನಿ ಇನ್ವರ್ಟರ್ ಲೈನಿಗೆ ಹಚ್ಚೂದಾದ್ರ ಅದು ಸೈನ್ ವೇವ್ ಇರಬೇಕು, ಹಳೇ ಸ್ಕ್ವೇರ್ ವೇವ್ ಇದ್ರ ಬ್ಯಾಡ.

ಬಿಜಾಪುರದ ಬ್ಯಾಸಗಿ ಬಗ್ಗೆ ನಿಮಗ ನಾ ಏನ್ ಹೇಳೂದು. ಏಪ್ರಿಲ್, ಮೇದಾಗ ಹೊರಗ 40 ದಾಟಿದಾಗ ಕ್ಯಾಬಿನೆಟ್ ಒಳಗ ಹೋಗೂ ಗಾಳಿನ ಬಿಸಿ ಇರತೈತಿ. ಅದಕ್ಕ ಮುಂದ ಗಾಜು ಇರೂ ಕ್ಯಾಬಿನೆಟ್ ಬ್ಯಾಡ ತಮ್ಮಾ, ಎಷ್ಟ ಚಂದ ಲೈಟ್ ಇದ್ರೂ. ಮುಂದ ಜಾಳಿಗಿ ಇರೂದು ತಗೋ, ಮುಂದಿಂದ ಎರಡು ಫ್ಯಾನ್ ಗಾಳಿ ಒಳಗ ತರ್ಲಿ, ಹಿಂದ ಒಂದು ಹೊರಗ ಹಾಕ್ಲಿ. ಕಂಪ್ಯೂಟರ್ ಟೇಬಲ್ ಕೆಳಗ ಮೂರು ಕಡೆ ಮುಚ್ಚಿದ ಮರದ ಗೂಡು ಇರತೈತಲ್ಲ, ಅದರಾಗ ಇಟ್ರ ಅದರ ಬಿಸಿ ಅದಕ್ಕ ತಿರುಗಿ ಬರತೈತಿ. ಇನ್ನೊಂದು, ಖೋಲ್ಯಾಗ ನೀರಿನ ಕೂಲರ್ ಹಚ್ತೀರಿ, ಅದರ ಗಾಳಿ ನೆಟ್ಟಗ ಕ್ಯಾಬಿನೆಟ್ ಮ್ಯಾಲ ಬೀಳಬಾರ್ದು. ಆ ಗಾಳ್ಯಾಗ ಹಸಿ ಇರತೈತಿ, ನಮ್ಮ ಕಡೆ ಬೋರಿನ ನೀರಿಗೆ ಉಪ್ಪೂ ಭಾಳ, ಕೂಲರ್ ಜಾಳಿಗಿ ಮ್ಯಾಲ ಬೆಳ್ಳಗ ಕಟ್ಟಿರೂದು ನೋಡೀರಲ್ಲ. ಧೂಳಂತೂ ಬಿಡ್ರಿ, ತಿಂಗಳಿಗೊಮ್ಮೆ ಬ್ಲೋವರ್ ಹಿಡೀಬೇಕು. ಹಿಡಿಯೂವಾಗ ಫ್ಯಾನಿನ ಪಂಕಾ ಬೆರಳಿಲೆ ಒತ್ತಿ ಹಿಡಿ, ಗಾಳಿಗಿ ಬಿಟ್ಟು ತಿರಗಿಸಬ್ಯಾಡ.

ಆಟ, ಫೈಲು ಇಡೂ ಎಸ್‌ಎಸ್‌ಡಿ ಎನ್‌ವಿಎಂಇ ಅನ್ನೂ ಜೋರ ಓಡೂದ ಇರ್ಲಿ, 500 ಜಿಬಿ ಅಂದ್ರ ದೊಡ್ಡ ಆಟ ಮೂರ‍್ನಾಕಕ್ಕ ತುಂಬತೈತಿ, 1 ಟಿಬಿ ಆದ್ರ ನಿಶ್ಚಿಂತಿ. ಬೋರ್ಡ್ ಬಿ550 ಸಿಕ್ಕರ ಅದ ತಗೋ. ಬಿ450 ಕೊಟ್ರ 5600ಕ್ಕ ಬಯಾಸ್, ಅಂದ್ರ ಬೋರ್ಡಿನ ಒಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಮಾಡ್ಯಾರೋ ಇಲ್ಲೋ ಅಂಗಡ್ಯಾಗ ಆನ್ ಮಾಡಿಸಿ ನೋಡು.

ಇಷ್ಟಾದಮ್ಯಾಲ ಮಾನಿಟರ್‌ಗೆ ರೊಕ್ಕ ಉಳಿಯಂಗಿಲ್ಲ ಕಾಕಾ, ಮೊದಲ ಹೇಳಿಬಿಡ್ತೀನಿ. ಎರಡು ಹಾದಿ ಅದಾವ. ಒಂದು, ದೀಪಾವಳಿ ತನಕಾ ಹಾಲಿನ ಟಿವಿಗೆ ಹಚ್ಚೂದು. ಕಾಕು ಧಾರಾವಾಹಿ ಹೊತ್ತಿನಾಗ ಏನಾಗತೈತಿ ಅಂತ ನಾ ಹೇಳೂದು ಬ್ಯಾಡ. ಇನ್ನೊಂದು, 5600 ಬದ್ಲಿ 5600ಜಿ ತಗೊಂಡು ಕಾರ್ಡ್ ಈಗ ಬಿಡೂದು. ಅದರೊಳಗ ಗ್ರಾಫಿಕ್ಸ್ ಐತಿ, ವ್ಯಾಲರಂಟ್ ಆರಾಮ ಓಡತೈತಿ, ಜಿಟಿಎ 5 ಸೆಟ್ಟಿಂಗ್ ಇಳಿಸಿದ್ರ ನಡೀತೈತಿ. ಮಾನಿಟರ್ ಬರತೈತಿ, ಎಸ್‌ಎಂಪಿಎಸ್ ಮಾತ್ರ ಈಗ್ಲೇ ದೊಡ್ಡದ ಇರ್ಲಿ, ಕಾರ್ಡ್ ಮುಂದಿನ ವರ್ಷ. ಇದರಾಗ ಕಳಕೊಳ್ಳೂದು ಏನಂದ್ರ 5600ಜಿದಾಗ ಕ್ಯಾಶ್, ಅಂದ್ರ ಪ್ರೊಸೆಸರ್ ಒಳಗಿನ ಮೆಮೊರಿ 16 ಎಂಬಿ, 5600ದಾಗ 32, ಮುಂದ ಕಾರ್ಡ್ ಹಚ್ಚಿದಾಗ ಸ್ವಲ್ಪ ಹಿಂದ ಬೀಳತೈತಿ. ನಾ ಆಗಿದ್ರ ಟಿವಿ ಹಾದಿನ ಹಿಡೀತಿದ್ದೆ. ಆದ್ರ ನಿಮ್ಮ ಮನಿ ಟಿವಿ ರಿಮೋಟ್ ಯಾರ ಕೈಯಾಗ ಐತಿ ಅಂತ ನೋಡಿ ನೀವ ತೀರ್ಮಾನ ಮಾಡ್ರಿ.

ತಗೊಳ್ಳೂದು ಬಿಜಾಪುರದಾಗರ ತಗೋರಿ, ಸೊಲ್ಲಾಪುರಕ್ಕರ ಹೋಗ್ರಿ, ಇಲ್ಲಾ ಬೆಳಗಾವಿಗೆ ಬರ್ರಿ, ನಾ ಜೋಡಿ ಬರ್ತೀನಿ. ಆನ್‌ಲೈನ್ ರೇಟು ನೋಡಿಕೊಂಡ ಹೋಗ್ರಿ, ನೂರಿನ್ನೂರು ಹೆಚ್ಚಾದ್ರೂ ಊರಾಗಿನ ಅಂಗಡಿ ಚಲೋ, ಕೆಟ್ರ ಮುಖಾ ನೋಡಿ ಕೇಳಾಕ ಬರತೈತಿ. ಬಿಲ್ಲಿನಾಗ "ಗೇಮಿಂಗ್ ಪಿಸಿ ಒಂದು ಸೆಟ್" ಅಂತ ಬರಸ್ಕೋಬ್ಯಾಡ್ರಿ. ಒಂದೊಂದು ಸಾಮಾನು ಬ್ಯಾರೆ ಬ್ಯಾರೆ, ಪೂರಾ ಮಾಡೆಲ್ ಹೆಸರು, ಸೀರಿಯಲ್ ನಂಬರ್, ಜಿಎಸ್‌ಟಿ ಬಿಲ್ಲು. ಪ್ರೊಸೆಸರ್ ಸೀಲ್ ಇದ್ದ ಡಬ್ಬಿದ ಇರಬೇಕು, ಅದಕ್ಕ ಮೂರು ವರ್ಷ ವಾರಂಟಿ ಇರತೈತಿ.

ಜೋಡಿಸಿದಮ್ಯಾಲ ತಮ್ಮಾ, ಎಚ್‌ಡಿಎಂಐ ವೈರ್ ಕೆಳಗ ಕಾರ್ಡಿಗೆ ಹಚ್ಚು, ಮ್ಯಾಲ ಬೋರ್ಡಿಗಲ್ಲ. ಬೋರ್ಡಿನಾಗ ರ‍್ಯಾಮಿಗೆ ನಾಕು ಮನಿ ಇದ್ರ ಪ್ರೊಸೆಸರ್ ಕಡೆಯಿಂದ ಎರಡನೇದು, ನಾಕನೇದು. ಬಯಾಸ್‌ನಾಗ ಎಕ್ಸ್‌ಎಂಪಿ ಅನ್ನೂ ಮೆಮೊರಿ ಸ್ಪೀಡಿನ ಸೆಟ್ಟಿಂಗ್ ಆನ್ ಮಾಡು, ಇಲ್ಲಾಂದ್ರ ರೊಕ್ಕ ಕೊಟ್ಟ ಸ್ಪೀಡ್ ಸಿಗಂಗಿಲ್ಲ.

ಕಾಕೂ, ಇದು ನಿಮಗ್ರಿ. ಕಾರ್ಡು, ಬೋರ್ಡು, ಎಸ್‌ಎಂಪಿಎಸ್ ಡಬ್ಬಿಗಳು ಭಾಳ ಜಾಗಾ ಹಿಡೀತಾವ, ಗೊತ್ತೈತಿ. ಆದ್ರ ವಾರಂಟಿಗೆ ಹೋದಾಗ ಕೆಲವ್ರು ಡಬ್ಬಿ ಕೇಳ್ತಾರ, ಮೂರು ವರ್ಷ ಅಟ್ಟದ ಮ್ಯಾಲ ಇರ್ಲಿ. ರದ್ದಿಯಂವ ಬಂದಾಗ ದಯಮಾಡಿ ಅವನ್ನ ತೂಕಕ್ಕ ಹಾಕಬ್ಯಾಡ್ರಿ.