ಉಪ್ಪಿನಕಾಯಿ ಡಬ್ಬಿಯಲ್ಲಿ ಪ್ಲಾಸ್ಟಿಕ್ ವಾಸನೆ, ಮುಚ್ಚಳದಿಂದ ಬಣ್ಣ: ತೊಂದರೆ ದಾನೆಯಲ್ಲಿದೆಯೋ ಯಂತ್ರದಲ್ಲಿದೆಯೋ?

ಪ್ರಶ್ನೆ ಕೇಳಿದವರು: ಬದಿಯಡ್ಕ ಮೋಲ್ಡಿಂಗ್

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಬಳಿ ಇರುವ ನಮ್ಮ ಸಣ್ಣ ಘಟಕದಲ್ಲಿ ಇದುವರೆಗೆ ಪೈಪ್ ಕ್ಲಿಪ್ಪು, ಹೂಕುಂಡದ ತಟ್ಟೆ ಮುಂತಾದ ಸಾಮಾನುಗಳನ್ನಷ್ಟೇ ತಯಾರಿಸುತ್ತಿದ್ದೆವು. ಅವುಗಳಿಗೆ ಮರುಬಳಕೆಯ ದಾನೆಯೇ (ಕರಗಿಸಿ ಅಚ್ಚು ಹಾಕುವ ಪ್ಲಾಸ್ಟಿಕ್ ಹರಳು) ಸಾಕಾಗುತ್ತಿತ್ತು. ಸುತ್ತಮುತ್ತ ಉಪ್ಪಿನಕಾಯಿ, ಹಪ್ಪಳ, ಬಾಳೆಕಾಯಿ ಚಿಪ್ಸ್ ಮಾಡುವ ಮನೆ ಉದ್ಯಮಗಳು ಬೇಕಾದಷ್ಟು ಇರುವುದರಿಂದ, ಅವರಿಗೆ ಬೇಕಾದ ಅರ್ಧ ಲೀಟರಿನ ದುಂಡು ಡಬ್ಬಿಯನ್ನು ಇಲ್ಲಿಯೇ ಮಾಡಿಕೊಡೋಣವೆಂದು ಈ ವರ್ಷ ಹೊಸ ಡೈ (ಅಚ್ಚು) ಹಾಕಿಸಿದೆವು.

ಯಂತ್ರ ಡೈಯನ್ನು ಒತ್ತಿ ಹಿಡಿಯುವ ಬಲ 150 ಟನ್, ಶಾಟ್ ಸಾಮರ್ಥ್ಯ (ಒಂದು ಸಲಕ್ಕೆ ದೂಡಬಲ್ಲ ಪ್ಲಾಸ್ಟಿಕ್) 250 ಗ್ರಾಂ. ಡೈ ಒಂದೇ ಕ್ಯಾವಿಟಿಯದು, ಒಂದು ಸಲಕ್ಕೆ ಒಂದೇ ಡಬ್ಬಿ. ಡಬ್ಬಿಯ ವ್ಯಾಸ 95 ಮಿ.ಮೀ., ಎತ್ತರ 80 ಮಿ.ಮೀ., ಗೋಡೆಯ ದಪ್ಪ 0.8 ಮಿ.ಮೀ., ತೂಕ 28 ಗ್ರಾಂ. ಪಾಲಿಪ್ರೊಪಿಲೀನ್ (ಪಿಪಿ) ಪ್ಲಾಸ್ಟಿಕ್ಕಿನ ಹೋಮೋಪಾಲಿಮರ್ ಎಂಬ ಬಗೆಯನ್ನು ಬಳಸುತ್ತಿದ್ದೇವೆ. ಅದರ ಮೆಲ್ಟ್ ಫ್ಲೋ (ಕರಗಿದಾಗ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬ ಅಳತೆ) 11. ದಾನೆ ಕರಗುವ ಬ್ಯಾರಲ್‌ನ ಹಿಂಭಾಗಕ್ಕೆ 240 ಡಿಗ್ರಿ, ತುದಿಯ ನಾಝಲ್ಲಿಗೆ 265 ಡಿಗ್ರಿ ಕೊಟ್ಟರೆ ಮಾತ್ರ ಅಂಚು ಪೂರ್ತಿ ತುಂಬುತ್ತದೆ. ಕಡಿಮೆ ಮಾಡಿದರೆ ಶಾರ್ಟ್, ಅಂದರೆ ಪೂರ್ತಿ ತುಂಬದ ಡಬ್ಬಿ, ಬರುತ್ತದೆ. ಒಂದು ಶಾಟಿಗೆ 25 ಸೆಕೆಂಡು ಹಿಡಿಯುತ್ತದೆ. ಡೈಯನ್ನು ತಂಪಾಗಿಸುವ ಚಿಲ್ಲರಿನ ನೀರು 12 ಡಿಗ್ರಿ. ಮಳೆ ಹಿಡಿದ ಮೇಲೆ ಡಬ್ಬಿಯ ಮೈಮೇಲೆ ನೀರಿನ ಕಲೆಯಂಥ ಗುರುತುಗಳೂ ಕಾಣತೊಡಗಿವೆ. ಡಬ್ಬಿ ಡೈಯಿಂದ ಸಲೀಸಾಗಿ ಬಿಡಲೆಂದು ಸಿಲಿಕೋನ್ ಸ್ಪ್ರೇ ಹೊಡೆಯುತ್ತೇವೆ.

ಮೊದಲ ಕಂತನ್ನು ತೆಗೆದುಕೊಂಡ ಉಪ್ಪಿನಕಾಯಿ ತಯಾರಕರು ಎರಡು ದೂರುಗಳನ್ನು ಹೇಳಿದ್ದಾರೆ. ಮುಚ್ಚಳ ತೆರೆದ ತಕ್ಷಣ ಸುಟ್ಟ ಮೇಣದಂಥ ವಾಸನೆ ಬರುತ್ತದೆ ಎಂಬುದು ಒಂದು. ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಕೆಂಪು ಮುಚ್ಚಳವನ್ನು ಉಜ್ಜಿದರೆ ಹತ್ತಿ ನಸುಗೆಂಪಾಗುತ್ತದೆ ಎಂಬುದು ಇನ್ನೊಂದು. ಜೊತೆಗೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದ ಪ್ರಮಾಣಪತ್ರವನ್ನೂ ಕೇಳುತ್ತಿದ್ದಾರೆ. ದಾನೆ ಕೊಟ್ಟವರು ಅದು ಆಹಾರ ಸಂಪರ್ಕಕ್ಕೆ ಯೋಗ್ಯವೆಂದು ಬರೆದುಕೊಟ್ಟ ಪತ್ರ ನಮ್ಮಲ್ಲಿದೆ. ಅದು ಸಾಲುವುದಿಲ್ಲವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಹೊಸೂರು ಟೂಲ್‌ರೂಮ್

ಬದಿಯಡ್ಕದವರಿಗೆ ನಮಸ್ಕಾರ. ಅಂಕಿಗಳನ್ನೆಲ್ಲ ಕೊಟ್ಟಿರುವುದರಿಂದ ಉತ್ತರ ಹೇಳುವುದು ಸುಲಭವಾಯಿತು. ನಿಮ್ಮ ದಾನೆ ಒಳ್ಳೆಯದೇ ಇರಬಹುದು. ಆದರೆ ದಾನೆ ಹಾಪರಿಗೆ ಬಿದ್ದಲ್ಲಿಂದ ಡಬ್ಬಿ ಚೀಲ ಸೇರುವವರೆಗಿನ ಪ್ರತಿ ಹಂತದಲ್ಲಿಯೂ ಅದು ಕೆಡಲು ಅವಕಾಶವಿದೆ, ನೀವು ಕೊಟ್ಟ ವಿವರಗಳಲ್ಲಿ ಅಂಥ ನಾಲ್ಕೈದು ಜಾಗಗಳು ಕಾಣುತ್ತಿವೆ.

ಮೊದಲು ವಾಸನೆಯ ವಿಚಾರ. ಯಂತ್ರದ 250 ಗ್ರಾಂ ಎನ್ನುವುದು ಸಾಮಾನ್ಯವಾಗಿ ಪಾಲಿಸ್ಟೈರೀನ್ ಲೆಕ್ಕದಲ್ಲಿ ಹೇಳುವ ಸಾಮರ್ಥ್ಯ. ಕರಗಿದ ಪಾಲಿಪ್ರೊಪಿಲೀನ್ ಅದಕ್ಕಿಂತ ಹಗುರವಾದ್ದರಿಂದ ನಿಮಗೆ ಸಿಗುವುದು ಸುಮಾರು 195 ಗ್ರಾಂ. ಬ್ಯಾರಲ್ ಒಳಗೆ ಮಾಲನ್ನು ದೂಡುವ ಸ್ಕ್ರೂವಿನ ಉದ್ದಕ್ಕೂ ತುಂಬಿಕೊಂಡಿರುವ ಮಾಲು ಅದರ ಎರಡು ಪಟ್ಟು, ಅಂದರೆ ಸುಮಾರು 400 ಗ್ರಾಂ ಎಂದು ಹಿಡಿಯಿರಿ. ಪ್ರತಿ ಶಾಟಿಗೆ ಹೊರಬರುವುದು 28 ಗ್ರಾಂ ಮಾತ್ರ. ಹಾಗಾದರೆ ಒಳಗೆ ಹೋದ ಒಂದು ದಾನೆ ಹೊರಬರಲು ಹದಿನಾಲ್ಕು ಶಾಟು ಬೇಕು. 25 ಸೆಕೆಂಡಿನ ಲೆಕ್ಕದಲ್ಲಿ ಸುಮಾರು ಆರು ನಿಮಿಷ. 265 ಡಿಗ್ರಿಯಲ್ಲಿ ಅಷ್ಟು ಹೊತ್ತು ಬೇಯುವ ಪಾಲಿಪ್ರೊಪಿಲೀನ್ ಒಡೆಯತೊಡಗುತ್ತದೆ, ಅದರ ಸಣ್ಣ ತುಣುಕುಗಳೇ ನಿಮ್ಮ ಗ್ರಾಹಕರು ಹೇಳಿದ ಮೇಣದ ವಾಸನೆಯನ್ನು ಕೊಡುತ್ತವೆ. ಶಾಟಿನ ತೂಕ ಯಂತ್ರದ ಸಾಮರ್ಥ್ಯದ ಶೇಕಡಾ 20ಕ್ಕಿಂತ ಕೆಳಗಿಳಿಯಬಾರದೆಂದು ನಮ್ಮಲ್ಲಿ ಹೇಳುತ್ತೇವೆ. ನಿಮ್ಮದು ಶೇಕಡಾ 15ರ ಆಸುಪಾಸಿನಲ್ಲಿದೆ.

ಅಷ್ಟು ಬಿಸಿ ಏಕೆ ಬೇಕಾಯಿತು ಎನ್ನುವುದು ಮುಂದಿನ ಪ್ರಶ್ನೆ. ತಳದ ನಡುವೆ ಮಾಲು ಒಳನುಗ್ಗುವ ಗೇಟಿನಿಂದ ಅಂಚಿನವರೆಗೆ ಮಾಲು ಹರಿಯಬೇಕಾದ ದೂರ ಸುಮಾರು 127 ಮಿ.ಮೀ.; ಗೋಡೆ 0.8 ಮಿ.ಮೀ. ಆದ್ದರಿಂದ ಉದ್ದಕ್ಕೂ ದಪ್ಪಕ್ಕೂ ಇರುವ ಅನುಪಾತ 160ರ ಹತ್ತಿರ. 11 ಮೆಲ್ಟ್ ಫ್ಲೋದ ದಾನೆ ಬಕೆಟ್, ಸ್ಟೂಲುಗಳಂಥ ದಪ್ಪ ಸಾಮಾನಿಗೆ ಸರಿ. ಇಂಥ ತೆಳು ಗೋಡೆಗೆ ಅದನ್ನು ದೂಡಬೇಕಾದರೆ ಕಾಯಿಸುವುದೊಂದೇ ದಾರಿಯಾಗುತ್ತದೆ. 35ರಿಂದ 40 ಮೆಲ್ಟ್ ಫ್ಲೋದ, ಆಹಾರ ಸಂಪರ್ಕದ ಪತ್ರವಿರುವ ಗ್ರೇಡ್ ತರಿಸಿಕೊಳ್ಳಿ. ನಿಮ್ಮ ಪಕ್ಕದಲ್ಲೇ ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್ ಪಾಲಿಪ್ರೊಪಿಲೀನ್ ತಯಾರಿಸುತ್ತದೆ. ಅವರಲ್ಲಿ ಹೊಂದುವ ಗ್ರೇಡ್ ಇದೆಯೇ ಎಂದು ವಿತರಕರನ್ನು ವಿಚಾರಿಸಿ. ಬ್ಯಾರಲ್ಲನ್ನು 200ರಿಂದ ಆರಂಭಿಸಿ ನಾಝಲ್ಲಿಗೆ 225, ಹೆಚ್ಚೆಂದರೆ 230ಕ್ಕೆ ನಿಲ್ಲಿಸಿದರೂ ಅಂಚು ತುಂಬಬೇಕು. ಶಾಖ ಇಳಿದರೆ ಆರಿಸುವ ಹೊತ್ತೂ ಇಳಿಯುತ್ತದೆ, 25 ಸೆಕೆಂಡು ಬೇಕಾಗುವುದಿಲ್ಲ. ಮುಂದೆ ಡೈ ಬದಲಿಸುವಾಗ ಎರಡು ಕ್ಯಾವಿಟಿ ಮಾಡಿಸಿ. ಒಂದು ಡಬ್ಬಿಯ ಬಾಯಿಯ ವಿಸ್ತೀರ್ಣ 71 ಚದರ ಸೆಂ.ಮೀ.; ಚದರ ಸೆಂಟಿಮೀಟರಿಗೆ ಅರ್ಧ ಟನ್ನಿನಂತೆ ಎರಡಕ್ಕೂ ಸೇರಿ 71 ಟನ್ ಸಾಕು, ನಿಮ್ಮಲ್ಲಿ 150 ಇದೆ.

ಯಂತ್ರದ ಹಿಂದಿನ ಚರಿತ್ರೆಯೂ ಇಲ್ಲಿ ಮುಖ್ಯ. ಮರುಬಳಕೆಯ ಮಾಲು ಓಡಿಸಿದ ಸ್ಕ್ರೂವನ್ನು ಬರೀ ಪರ್ಜಿಂಗ್ ಮಾಡಿ (ಹೊಸ ಮಾಲು ಓಡಿಸಿ ಹಳೆಯದನ್ನು ಹೊರದೂಡಿ) ಬಿಟ್ಟರೆ ಸ್ಕ್ರೂವಿನ ತುದಿಯ ಚೆಕ್ ರಿಂಗಿನ ಹಿಂದೆ ಹಳೆಯ ಪದರ ಉಳಿದು, ತಿಂಗಳುಗಟ್ಟಲೆ ಕಪ್ಪು ಚುಕ್ಕೆಗಳಾಗಿ ಹೊರಬರುತ್ತಿರುತ್ತದೆ. ಸ್ಕ್ರೂವನ್ನು ಹೊರಗೆಳೆದು ಹಿತ್ತಾಳೆಯ ಬ್ರಷ್ಷಿನಿಂದ ಉಜ್ಜಿಸಿ. ಗ್ರೈಂಡರನ್ನಂತೂ ಬೇರೆಯೇ ಇಡಬೇಕು. ಡಬ್ಬಿಯ ಸ್ಪ್ರೂವನ್ನು (ಮಾಲು ಹರಿದ ದಾರಿಯಲ್ಲಿ ಗಟ್ಟಿಯಾಗಿ ಉಳಿದ ಕಡ್ಡಿ) ಪುಡಿ ಮಾಡಿ ಮತ್ತೆ ಹಾಕುವುದಾದರೆ, ಅದು ನೆಲಕ್ಕೆ ಬೀಳದೆ ನೇರವಾಗಿ ಡಬ್ಬಕ್ಕೆ ಬಿದ್ದದ್ದಾಗಿರಬೇಕು, ಪ್ರಮಾಣವೂ ಕಡಿಮೆ ಇರಬೇಕು. ನನ್ನನ್ನು ಕೇಳಿದರೆ, ಆಹಾರದ ಡಬ್ಬಿಗೆ ಹಾಕದೆ ಕ್ಲಿಪ್ಪಿಗೆ ಹಾಕಿಬಿಡಿ. ನಿಮ್ಮಲ್ಲಿ ಆ ಅನುಕೂಲವಿದೆ.

ನಿಮ್ಮ ಊರಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗುವುದು ಹೊಸದಲ್ಲ. ಹೋದಾಗ ಬ್ಯಾರಲ್‌ನಲ್ಲಿ ಉಳಿದ ಮಾಲು ಆರುವವರೆಗೂ ಬೇಯುತ್ತಲೇ ಇರುತ್ತದೆ. ಬಂದ ಕೂಡಲೇ ಡಬ್ಬಿ ತೆಗೆಯದೆ, ಸ್ವಚ್ಛ ಮಾಲು ಕಾಣುವವರೆಗೆ ಹೊರಚೆಲ್ಲಬೇಕು. ಆ ನೀರಿನ ಕಲೆಯೂ ಮಳೆಗಾಲದ್ದೇ. ಕರಾವಳಿಯ ಗಾಳಿಯಲ್ಲಿ ಆಗ ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟುವ ಉಷ್ಣತೆ) 24 ಡಿಗ್ರಿಯ ಸುಮಾರಿಗೆ ಇರುವಾಗ 12 ಡಿಗ್ರಿಯ ನೀರು ಹರಿಸಿದರೆ ಡೈ ಬೆವರುತ್ತದೆ. ಡಬ್ಬಿಯ ಒಳಮೈಯನ್ನು ರೂಪಿಸುವ ಕೋರಿನ ಮೇಲೆ ಬೆರಳಾಡಿಸಿದರೆ ಒದ್ದೆ ಹತ್ತುತ್ತದೆ, ನೋಡಿ. ಆ ಹನಿಯ ಮೇಲೆ ಮಾಲು ಬಿದ್ದು ಕಲೆಯಾಗುತ್ತದೆ. ಸ್ಟೀಲ್ ಸಾಮಾನ್ಯ ಪಿ-20 ಆಗಿದ್ದರೆ ತುಕ್ಕೂ ಹಿಡಿಯುತ್ತದೆ. ನೀರನ್ನು 25 ಡಿಗ್ರಿಗೆ ಏರಿಸಿ. ಸೈಕಲ್ ಒಂದೆರಡು ಸೆಕೆಂಡು ಹೆಚ್ಚಾಗಬಹುದು, ಚಿಂತೆಯಿಲ್ಲ. ಮುಂದಿನ ಡೈಗೆ ತುಕ್ಕು ಹಿಡಿಯದ 420 ವರ್ಗದ ಸ್ಟೀಲನ್ನೇ ಕೇಳಿ.

ಸಿಲಿಕೋನ್ ಸ್ಪ್ರೇ ನಿಲ್ಲಿಸಿ. ಡಬ್ಬಿ ಬಿಡುತ್ತಿಲ್ಲವೆಂದರೆ ಗೋಡೆಯ ಇಳಿಜಾರು ಕಡಿಮೆಯಿರಬಹುದು ಅಥವಾ ಕೋರಿನ ಪಾಲಿಶ್ ಸರಿಯಿಲ್ಲದಿರಬಹುದು. ಕೋರಿನ ತುದಿಯಲ್ಲಿ ಗಾಳಿಯ ವಾಲ್ವ್ ಕೊಟ್ಟರೆ ಸ್ಪ್ರೇ ಬೇಕಾಗುವುದೇ ಇಲ್ಲ. ಡಬ್ಬಿಯನ್ನು ಹೊರದೂಡುವ ಎಜೆಕ್ಟರ್ ಪಿನ್ನಿಗೆ, ಆಕಸ್ಮಿಕವಾಗಿ ಆಹಾರಕ್ಕೆ ತಾಗಿದರೂ ನಡೆಯುವ ಎಚ್-1 ವರ್ಗದ ಗ್ರೀಸನ್ನೇ ಹಚ್ಚಿ. ರಾತ್ರಿ ಡೈಗೆ ತುಕ್ಕು ನಿರೋಧಕ ಎಣ್ಣೆ ಹೊಡೆದು ನಿಲ್ಲಿಸುವ ರೂಢಿಯಿದ್ದರೆ, ಬೆಳಿಗ್ಗೆಯ ಮೊದಲ ಶಾಟುಗಳನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ, ಬಟ್ಟೆಗೆ ಜಿಡ್ಡು ಹತ್ತದ ಮೇಲಷ್ಟೇ ಚೀಲಕ್ಕೆ ಹಾಕಿ.

ಉತ್ತರ: ಕುಂಬಳೆ, ಪರೀಕ್ಷಾ ವಿಭಾಗ

ಹೊಸೂರಿನವರು ಯಂತ್ರದ ವಿಷಯವನ್ನು ಹೇಳಿಯಾಗಿದೆ. ಪ್ಯಾಕೇಜಿಂಗ್ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡಿದ ಅನುಭವದಿಂದ ನಾನು ಕಾಗದದ ವಿಷಯವನ್ನೂ ಬಣ್ಣದ ವಿಷಯವನ್ನೂ ಸೇರಿಸುತ್ತೇನೆ.

ದಾನೆಯ ಪತ್ರ ಬೇಕು, ಆದರೆ ಅದೊಂದೇ ಸಾಲದು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ 2018ರ ಪ್ಯಾಕೇಜಿಂಗ್ ನಿಯಮಗಳು 2019ರ ಜುಲೈ 1ರಿಂದ ಜಾರಿಯಲ್ಲಿವೆ. ಆಹಾರಕ್ಕೆ ನೇರವಾಗಿ ತಾಗುವ ಪ್ಯಾಕೇಜಿಂಗಿಗೆ ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯದ ಪ್ರಮಾಣಪತ್ರವನ್ನು ಆಹಾರ ಉದ್ಯಮಿ ಹೊಂದಿರಬೇಕೆಂದು ಅವು ಹೇಳುತ್ತವೆ. ಹಾಗಾಗಿ ನಿಮ್ಮ ಗ್ರಾಹಕರು ಕೇಳಿದ್ದು ನ್ಯಾಯವಾಗಿಯೇ ಇದೆ. ಪಾಲಿಪ್ರೊಪಿಲೀನ್ ದಾನೆ ಭಾರತೀಯ ಮಾನಕ (ಐಎಸ್) 10910ಕ್ಕೆ, ಬಣ್ಣಗಳು ಐಎಸ್ 9833ಕ್ಕೆ ಹೊಂದಬೇಕು. ಪರೀಕ್ಷೆ ನಡೆಯುವುದು ಐಎಸ್ 9845ರ ಪ್ರಕಾರ, ಅದೂ ತಯಾರಾದ ಡಬ್ಬಿಯ ಮೇಲೆ.

ಪರೀಕ್ಷೆಯಲ್ಲಿ ಡಬ್ಬಿಗೆ ಆಹಾರವನ್ನು ತುಂಬುವುದಿಲ್ಲ. ಆಹಾರದ ಬದಲಿಗೆ ಅದರ ಗುಣವನ್ನು ಹೋಲುವ ದ್ರವವನ್ನು ಹಾಕಿ, ಬಳಕೆಗೆ ತಕ್ಕ ಉಷ್ಣತೆಯಲ್ಲಿ ಇಟ್ಟು, ಆಮೇಲೆ ದ್ರವವನ್ನು ಆವಿಯಾಗಿಸಿ ತಳದಲ್ಲಿ ಉಳಿದುದನ್ನು ತೂಗುತ್ತಾರೆ. ಉಪ್ಪುನೀರಿನ ಮಾವಿನ ಮಿಡಿ ಹುಳಿ ಪದಾರ್ಥವಾದ್ದರಿಂದ ಶೇಕಡಾ 3ರ ಅಸಿಟಿಕ್ ಆಮ್ಲ. ಎಣ್ಣೆ ಹಾಕಿದ ಉಪ್ಪಿನಕಾಯಿಗೆ ಅದರ ಜೊತೆ ಎಣ್ಣೆಯ ಬದಲಿಗೆ ಬಳಸುವ ಎನ್-ಹೆಪ್ಟೇನ್ ಕೂಡ ಬೇಕು. ಎಷ್ಟೋ ಜನ ಬರೀ ನೀರಿನ ಪರೀಕ್ಷೆ ಮಾಡಿಸಿ ಉಪ್ಪಿನಕಾಯಿಗೆ ಡಬ್ಬಿ ಮಾರುತ್ತಾರೆ. ಆ ಕಾಗದದಿಂದ ಏನೂ ಪ್ರಯೋಜನವಿಲ್ಲ. ಮಾದರಿ ಕಳುಹಿಸುವಾಗ ಯಾವ ಆಹಾರ, ಎಷ್ಟು ಬಿಸಿಯಲ್ಲಿ ತುಂಬುತ್ತಾರೆ, ಎಷ್ಟು ಕಾಲ ಇಡುತ್ತಾರೆ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ.

ಒಟ್ಟು ವಲಸೆಯ (ಡಬ್ಬಿಯಿಂದ ಆಹಾರಕ್ಕೆ ಇಳಿಯುವ ಎಲ್ಲ ವಸ್ತುಗಳ) ಮಿತಿ ಕಿಲೋಗ್ರಾಂ ಆಹಾರಕ್ಕೆ 60 ಮಿಲಿಗ್ರಾಂ, ಅಥವಾ ಚದರ ಡೆಸಿಮೀಟರಿಗೆ 10 ಮಿಲಿಗ್ರಾಂ. ನಿಮ್ಮ ಡಬ್ಬಿಯ ಒಳಮೈ ಸುಮಾರು 3.1 ಚದರ ಡೆಸಿಮೀಟರ್ ಆಗುವುದರಿಂದ, ಎರಡರಲ್ಲಿ ಯಾವ ಲೆಕ್ಕ ಹಿಡಿದರೂ ಒಂದು ಡಬ್ಬಿಯಿಂದ 30 ಮಿಲಿಗ್ರಾಮಿನ ಆಸುಪಾಸಿನಷ್ಟೇ ಹೊರಬರಬಹುದು. ಸ್ಪ್ರೇ ಹೊಡೆದ ಡಬ್ಬಿ ಹೆಪ್ಟೇನ್ ಪರೀಕ್ಷೆಗೆ ಬಂದರೆ ಆ ಸಿಲಿಕೋನೂ ಇದೇ ತೂಕಕ್ಕೆ ಸೇರುತ್ತದೆ.

ಬಣ್ಣಕ್ಕೆ ತೂಕದ ರಿಯಾಯಿತಿಯಿಲ್ಲ. ದ್ರವಕ್ಕೆ ಬಣ್ಣ ಇಳಿದಿರುವುದು ಬರಿಗಣ್ಣಿಗೆ ಕಂಡರೆ ಸಾಕು, ಒಟ್ಟು ವಲಸೆ ಮಿತಿಯೊಳಗಿದ್ದರೂ ಆ ವಸ್ತು ಆಹಾರಕ್ಕೆ ಅಯೋಗ್ಯ. ಇದಲ್ಲದೆ ಕೆಲವು ಲೋಹಗಳಿಗೆ ಪ್ರತ್ಯೇಕ ಮಿತಿಗಳಿವೆ. ಉದಾಹರಣೆಗೆ ಕಿಲೋಗ್ರಾಮಿಗೆ ಬೇರಿಯಂ 1 ಮಿಲಿಗ್ರಾಂ, ಕೋಬಾಲ್ಟ್ 0.05 ಮಿಲಿಗ್ರಾಂ. ಆದ್ದರಿಂದ ನಿಮ್ಮ ಕೆಂಪು ಮಾಸ್ಟರ್‌ಬ್ಯಾಚ್ (ದಾನೆಗೆ ಬೆರೆಸುವ ಬಣ್ಣದ ಹರಳು) ಎಲ್ಲಿಂದ ಬಂತು, ಅದಕ್ಕೆ ಯಾವ ಕಾಗದವಿದೆ ಎಂದು ಮೊದಲು ನೋಡಿ. ಮುಚ್ಚಳದ ಪರೀಕ್ಷೆಯನ್ನು ಪ್ರತ್ಯೇಕವಾಗಿಯೇ ಮಾಡಿಸಬೇಕು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಆಹಾರ ಪ್ಯಾಕೇಜಿಂಗಿಗೆಂದೇ ವಿಭಾಗವಿದೆ, ಪ್ಲಾಸ್ಟಿಕ್ ತಂತ್ರಜ್ಞಾನದ ಸರ್ಕಾರಿ ಸಂಸ್ಥೆಯಾದ ಸಿಪೆಟ್ ಕೇಂದ್ರವೂ ಅದೇ ಊರಿನಲ್ಲಿದೆ. ನಿಮಗೆ ಬೇಕಾದ ಪರೀಕ್ಷೆಗಳು ಅವರ ಮಾನ್ಯತೆಯ ವ್ಯಾಪ್ತಿಯಲ್ಲಿವೆಯೇ ಎಂದು ಕೇಳಿಕೊಂಡು ಕಳುಹಿಸಿ.

ಮರುಬಳಕೆಯ ಪಾಲಿಪ್ರೊಪಿಲೀನನ್ನು ಆಹಾರದ ಡಬ್ಬಿಗೆ ಸ್ವಲ್ಪವೂ ಬೆರೆಸುವಂತಿಲ್ಲ. ಮರುಬಳಕೆಗೆ ಷರತ್ತುಗಳೊಂದಿಗೆ ಈಚೆಗೆ ಸಿಕ್ಕ ಅವಕಾಶ ನೀರಿನ ಬಾಟಲಿಯ ಪ್ಲಾಸ್ಟಿಕ್ಕಾದ ಪೆಟ್‌ಗೆ ಸಂಬಂಧಿಸಿದ್ದು. ಯಾರಾದರೂ ಅದನ್ನು ತೋರಿಸಿ ಪಿಪಿ ಮಾರಲು ಬಂದರೆ ನಂಬಬೇಡಿ.

ಉತ್ತರ: ಮಂಜೇಶ್ವರ ಉಪ್ಪಿನಕಾಯಿ

ನಾವು ಡಬ್ಬಿ ತುಂಬುವವರು, ಮಾಡುವವರಲ್ಲ. ಆದರೂ ನಮ್ಮ ಕಡೆಯ ಒಂದೆರಡು ಮಾತುಗಳನ್ನು ಡೈ ಹಾಕಿಸುವವರು ಕೇಳಿಸಿಕೊಳ್ಳಬೇಕು ಎಂದು ಬರೆಯುತ್ತಿದ್ದೇನೆ. ನಮಗೆ ವಾಸನೆಗಿಂತ ದೊಡ್ಡ ತಲೆನೋವು ಮುಚ್ಚಳದಿಂದ ಜಿನುಗುವ ಎಣ್ಣೆ. ಬಸ್ಸಿನ ಮೇಲೆ ಹಾಕಿ ಬೆಂಗಳೂರಿಗೆ ಕಳುಹಿಸಿದ ಪೆಟ್ಟಿಗೆ ಇಳಿಯುವಷ್ಟರಲ್ಲಿ ಲೇಬಲ್ಲುಗಳೆಲ್ಲ ಎಣ್ಣೆಯಲ್ಲಿ ತೊಯ್ದಿರುತ್ತವೆ. ಡಬ್ಬಿಯೂ ಮುಚ್ಚಳವೂ ಯಂತ್ರದಿಂದ ಇಳಿದಾಗ ಗಟ್ಟಿಯಾಗಿ ಕೂರುತ್ತವೆ, ಮರುದಿನ ಸಡಿಲವಾಗುತ್ತವೆ. ಹಾಗೆಯೇ, ಫ್ರಿಜ್ಜಿನಿಂದ ತೆಗೆದ ಡಬ್ಬಿ ಕೈಜಾರಿ ಬಿದ್ದರೆ ಗಾಜಿನಂತೆ ಒಡೆಯುತ್ತದೆ ಎಂಬ ದೂರು ನಮಗೂ ಬಂದಿದೆ. ಬಿಸಿ ಒಗ್ಗರಣೆಯನ್ನು ನಾವು ಡಬ್ಬಿಗೆ ನೇರವಾಗಿ ಹಾಕುವುದಿಲ್ಲ, ಪಾತ್ರೆಯಲ್ಲಿಯೇ ಆರಿಸಿ ತುಂಬುತ್ತೇವೆ. ಆದರೆ ಎಲ್ಲ ಮನೆಗಳಲ್ಲಿಯೂ ಹಾಗೆ ಮಾಡುತ್ತಾರೆಂದು ನೀವು ಭಾವಿಸಬೇಡಿ. ಚಿಪ್ಸಿನವರಿಗೆ ಇದೇ ಡಬ್ಬಿ ಮಾರುವ ಯೋಚನೆಯಿದ್ದರೆ, ತೆಂಗಿನೆಣ್ಣೆಯಲ್ಲಿ ಕರಿದದ್ದು ಇದರಲ್ಲಿ ಬೇಗ ಮುಗ್ಗಲು ವಾಸನೆ ಹಿಡಿಯುತ್ತದೆ ಎನ್ನುವುದನ್ನೂ ಹೇಳಿಯೇ ಮಾರಿ.

ಪ್ರಶ್ನೆ ಕೇಳಿದವರು: ಬದಿಯಡ್ಕ ಮೋಲ್ಡಿಂಗ್

ಎಲ್ಲರಿಗೂ ಧನ್ಯವಾದಗಳು. ಕೆಂಪು ಮಾಸ್ಟರ್‌ಬ್ಯಾಚನ್ನು ಬಿಡಿ ಅಂಗಡಿಯೊಂದರಿಂದ ತಂದದ್ದು. ಚೀಲದ ಮೇಲೆ ಬಣ್ಣದ ಸಂಖ್ಯೆಯೊಂದನ್ನು ಬಿಟ್ಟರೆ ಬೇರೇನೂ ಇಲ್ಲ. ಸದ್ಯಕ್ಕೆ ಮುಚ್ಚಳವನ್ನು ಬಣ್ಣವಿಲ್ಲದೆ, ದಾನೆಯ ಸಹಜ ರೂಪದಲ್ಲಿಯೇ ತೆಗೆಯುತ್ತೇವೆ. ಸ್ಪ್ರೇ ನಿಲ್ಲಿಸಿದೆವು, ನೀರನ್ನು 25 ಡಿಗ್ರಿಗೆ ಏರಿಸಿದೆವು, ಕಲೆ ಹೋಗಿದೆ. 35 ಮೆಲ್ಟ್ ಫ್ಲೋದ ದಾನೆಗೆ ಹೇಳಿದ್ದೇವೆ. ಇನ್ನೆರಡು ಸಂದೇಹಗಳಿವೆ: ಮುಚ್ಚಳದ ಸಡಿಲಿಕೆಗೂ ಫ್ರಿಜ್ಜಿನ ಒಡಕಿಗೂ ಪರಿಹಾರವೇನು, ಮತ್ತು ಈಗಾಗಲೇ ತಯಾರಾಗಿರುವ ಕೆಂಪು ಮುಚ್ಚಳಗಳನ್ನು ಏನು ಮಾಡುವುದು?

ಉತ್ತರ: ಹೊಸೂರು ಟೂಲ್‌ರೂಮ್

ಪಾಲಿಪ್ರೊಪಿಲೀನ್ ಡೈಯಿಂದ ಬಿದ್ದ ಮೇಲೂ ಒಂದೆರಡು ದಿನ ಕುಗ್ಗುತ್ತಿರುತ್ತದೆ. ಒಟ್ಟು ಕುಗ್ಗುವಿಕೆ ಸಾಮಾನ್ಯವಾಗಿ ಶೇಕಡಾ 1ರಿಂದ 2.5. ಆದ್ದರಿಂದ ಮುಚ್ಚಳದ ಅಳತೆಯನ್ನು ಬಿಸಿಯಲ್ಲಿ ನೋಡಬೇಡಿ, 24 ಗಂಟೆ ಬಿಟ್ಟು ನೋಡಿ. ಡಬ್ಬಿಗೆ ಒಂದು ಗ್ರೇಡ್, ಮುಚ್ಚಳಕ್ಕೆ ಇನ್ನೊಂದು ಗ್ರೇಡ್ ಹಾಕಿದರೆ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ. ಹಾಗೆ ಮಾಡುವುದಿದ್ದರೆ ಮುಚ್ಚಳದ ಡೈಯನ್ನು ಆ ಗ್ರೇಡಿಗೇ ತಿದ್ದಿಸಬೇಕು. ಮಂಜೇಶ್ವರದವರು ಹೇಳಿದ ಜಿನುಗುವಿಕೆಗೆ ಮುಚ್ಚಳವೊಂದರಿಂದಲೇ ಪರಿಹಾರ ಸಿಗದು. ಡಬ್ಬಿಯ ಅಂಚನ್ನು ಸಮತಟ್ಟಾಗಿ, ಕನಿಷ್ಠ ಮೂರು ಮಿ.ಮೀ. ಅಗಲವಾಗಿ ಕೊಟ್ಟರೆ ಅದರ ಮೇಲೆ ಪಿಪಿಗೆ ಅಂಟುವ ಫಾಯಿಲನ್ನು ಬಿಸಿ ಒತ್ತಿ ಮುಚ್ಚಬಹುದು.

ಫ್ರಿಜ್ಜಿನ ವಿಷಯ: ಹೋಮೋಪಾಲಿಮರ್ ಸೊನ್ನೆ ಡಿಗ್ರಿಯ ಹತ್ತಿರ ಪೆಡಸಾಗುತ್ತದೆ, ಅದು ಅದರ ಸ್ವಭಾವ. ರ್ಯಾಂಡಮ್ ಕೋಪಾಲಿಮರ್ ಎಂಬ ಬಗೆಯ ಪಿಪಿ ತಕ್ಕಮಟ್ಟಿಗೆ ತಡೆಯುತ್ತದೆ, ಪಾರದರ್ಶಕವಾಗಿಯೂ ಇರುತ್ತದೆ. ಬೆಲೆ ಸ್ವಲ್ಪ ಹೆಚ್ಚು. ಉಪ್ಪಿನಕಾಯಿಗೆ ಅದನ್ನೇ ನಾನು ಹೇಳುವುದು. ಆದರೆ ಗ್ರೇಡ್ ಬದಲಾದರೆ ಮೈಸೂರಿಗೆ ಹೊಸ ಮಾದರಿಯನ್ನೇ ಕಳುಹಿಸಬೇಕಾಗುತ್ತದೆ, ಆದ್ದರಿಂದ ಪರೀಕ್ಷೆಗೆ ಹಣ ಕಟ್ಟುವ ಮೊದಲೇ ನಿರ್ಧಾರ ಮಾಡಿಕೊಳ್ಳಿ.

ಕೆಂಪು ಮುಚ್ಚಳಗಳನ್ನು ಹಳೆಯ ಗ್ರೈಂಡರಿನಲ್ಲಿ ಪುಡಿ ಮಾಡಿ ಹೂಕುಂಡದ ತಟ್ಟೆಗೆ ಹಾಕಿ. ಮುಚ್ಚಳವಾಗಿಯೇ ಕಡಿಮೆ ಬೆಲೆಗೆ ಯಾರಿಗೂ ಕೊಡಬೇಡಿ. ಮೊಳೆ ಸ್ಕ್ರೂ ತುಂಬಲಿಕ್ಕೆಂದು ಕೊಂಡುಹೋದದ್ದೇ ನಾಳೆ ಯಾವುದೋ ಅಂಗಡಿಯಲ್ಲಿ ನಿಮ್ಮ ಡಬ್ಬಿಯ ಮೇಲೆ ಕೂತು, ಒಳಗೆ ಎಣ್ಣೆ ಉಪ್ಪಿನಕಾಯಿ ಇರುತ್ತದೆ.