ತಂಗಿಯ ಮಂಡಿ ಚಿಪ್ಪು ಮತ್ತೆ ಜಾರಿದೆ, ಪಂದ್ಯ ಮುಗಿಯುವವರೆಗೆ ಕಾಯಬಹುದಾ?

ತುಂಗೆದಂಡೆ (ತೀರ್ಥಹಳ್ಳಿ):

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ 19 ವರ್ಷ. ಶಿವಮೊಗ್ಗದಲ್ಲಿ ಡಿಗ್ರಿ ಓದುತ್ತಾಳೆ, ಕಾಲೇಜು ಟೀಮಿನಲ್ಲಿ ಕಬಡ್ಡಿ ರೈಡರ್. ಕಳೆದ ಮಳೆಗಾಲ ಊರಿನ ಕೆಸರುಗದ್ದೆ ಓಟದಲ್ಲಿ ಅವಳ ಎಡಮಂಡಿಯ ಚಿಪ್ಪು ಜಾರಿತ್ತು. ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆದು, ಮೂಳೆ ಮುರಿದಿಲ್ಲ ಅಂದು, ಮಾತ್ರೆ ಮತ್ತು ಕ್ರೇಪ್ ಬ್ಯಾಂಡೇಜ್ ಕೊಟ್ಟು ಕಳಿಸಿದರು. ಫಿಸಿಯೋ ಮಾಡಿಸಿ ಅಂತ ಯಾರೂ ಹೇಳಲಿಲ್ಲ. ಊತ ಇಳಿಯಿತು, ಅವಳು ಮತ್ತೆ ಆಟಕ್ಕೆ ಹೋದಳು.

ಹೋದ ವಾರ ಪ್ರಾಕ್ಟೀಸಿನಲ್ಲಿ ಮತ್ತೆ ಆಯಿತು. ನಾನು ಅಲ್ಲೇ ಇದ್ದೆ. ಯಾರೂ ಅವಳನ್ನು ಮುಟ್ಟಿರಲಿಲ್ಲ. ಬೋನಸ್ ಗೆರೆ ಹತ್ತಿರ ಎಡಗಾಲು ಊರಿ ಬಲಕ್ಕೆ ತಿರುಗಿದಳು, ಅಲ್ಲೇ ಕುಸಿದಳು. ಚಿಪ್ಪು ಮಂಡಿಯ ಹೊರಬದಿಗೆ ಹೋಗಿ ಕೂತಿತ್ತು, ಮುಂದಿನ ಜಾಗ ಪೂರ್ತಿ ಚಪ್ಪಟೆ. ಅವಳೇ ತೊಡೆ ಹಿಡಿದುಕೊಂಡು ನಿಧಾನವಾಗಿ ಕಾಲು ನೀಡಿದಾಗ ಟಕ್ ಅಂತ ಒಳಗೆ ಬಂತು. ಸಂಜೆಯೊಳಗೆ ಮಂಡಿ ಊದಿ, ಮಡಚಲು ಬರದಂತಾಯಿತು. ಈಗ ನಡೆಯುತ್ತಾಳೆ, ಆದರೆ ಜಗಲಿ ಮೆಟ್ಟಿಲು ಇಳಿಯುವಾಗ ಕಂಬ ಹಿಡಿಯುತ್ತಾಳೆ.

ಅಪ್ಪಯ್ಯ ನಾಟಿ ಎಣ್ಣೆ ತಿಕ್ಕಿಸೋಣ ಅನ್ನುತ್ತಾರೆ. ಟೀಮಿನವರು ಮಂಡಿಗೆ ನೀ-ಕ್ಯಾಪ್ (ಬಿಗಿ ಪಟ್ಟಿ) ಹಾಕಿಕೊಂಡು ಆಡು, ಮುಂದಿನ ತಿಂಗಳ ಅಂತರ ಕಾಲೇಜು ಪಂದ್ಯ ಮುಗಿದ ಮೇಲೆ ತೋರಿಸಿದರಾಯಿತು ಅನ್ನುತ್ತಾರೆ. ಅವಳಿಗೂ ಅದೇ ಆಸೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಆಪರೇಷನ್ ಅಂದರೆ ಆಟ ಮುಗಿದ ಹಾಗೇನಾ?

ಮಂಡಿ ಫಿಸಿಯೋ (ಶಿವಮೊಗ್ಗ):

ಪಂದ್ಯ ಮುಗಿಯುವವರೆಗೆ ಕಾಯಬೇಡಿ, ಈ ವಾರವೇ ತೋರಿಸಿ. ನಾನು ಫಿಸಿಯೋಥೆರಪಿಸ್ಟ್. ಊರ ಟೀಮುಗಳಲ್ಲಿ ಆಡುವ ಮಕ್ಕಳು ಇಂಥ ಮಂಡಿ ಹಿಡಿದುಕೊಂಡು ಬರುವಷ್ಟರಲ್ಲಿ ಎಷ್ಟೋ ಸಲ ತುಂಬಾ ತಡವಾಗಿರುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಮಂಡಿ ಚಿಪ್ಪು ತೊಡೆಮೂಳೆಯ ತುದಿಯಲ್ಲಿರುವ ತೋಡಿನಲ್ಲಿ ಮೇಲೆ ಕೆಳಗೆ ಸರಿದಾಡುತ್ತದೆ. ಮಂಡಿ ಚೆನ್ನಾಗಿ ಮಡಚಿದಾಗ ಆ ತೋಡೇ ಚಿಪ್ಪನ್ನು ಹಿಡಿದಿಡುತ್ತದೆ. ಆದರೆ ಮೊದಲ 20-30 ಡಿಗ್ರಿಯಲ್ಲಿ ಚಿಪ್ಪು ಇನ್ನೂ ತೋಡಿನೊಳಗೆ ಸರಿಯಾಗಿ ಕೂತಿರುವುದಿಲ್ಲ. ಆಗ ಅದನ್ನು ಹೊರಗೆ ಹೋಗದಂತೆ ತಡೆಯುವುದು ಮುಖ್ಯವಾಗಿ ಒಳಬದಿಯ ಒಂದು ಲಿಗಮೆಂಟ್ (ಮೂಳೆಗಳನ್ನು ಜೋಡಿಸುವ ನಾರಿನ ಕಟ್ಟು), ಎಂಪಿಎಫ್‌ಎಲ್ ಅನ್ನುತ್ತಾರೆ. ಚಿಪ್ಪು ಜಾರಿದಾಗ ಸಾಮಾನ್ಯವಾಗಿ ಹರಿಯುವುದು ಇದೇ. ಆಮೇಲೆ ಕೂಡಿಕೊಂಡರೂ ಹಳೇ ಎಲಾಸ್ಟಿಕ್ಕಿನ ಹಾಗೆ ಸಡಿಲವಾಗಿ ಉಳಿಯಬಹುದು. ಯಾರೂ ಮುಟ್ಟದೆಯೇ, ಕಾಲೂರಿ ತಿರುಗಿದ್ದಕ್ಕೇ ಚಿಪ್ಪು ಹೋಯಿತು ಅಂದರಲ್ಲ, ಅದು ಹೀಗೆ.

ಮೊದಲ ಸಲ ಜಾರಿದಾಗ, ಒಳಗೆ ಮೂಳೆಯ ಚೂರು ಕಿತ್ತು ಬಿದ್ದಿಲ್ಲ ಅಂದರೆ, ಹೆಚ್ಚಿನವರಿಗೆ ಫಿಸಿಯೋ ಸಾಕು. ಎರಡನೇ ಸಲ ಆದ ಮೇಲೆ ಹಾಗಲ್ಲ. ಸುಮಾರು ಅರ್ಧದಷ್ಟು ಜನರಿಗೆ ಮತ್ತೂ ಜಾರುತ್ತದೆ. ಜಾರಿದಾಗಲೆಲ್ಲ ಚಿಪ್ಪಿನ ಹಿಂಬದಿಯ ನುಣುಪಾದ ಪದರ, ಅಂದರೆ ಕಾರ್ಟಿಲೇಜ್, ತೊಡೆಮೂಳೆಯ ಅಂಚಿಗೆ ಉಜ್ಜಿ ಪೆಟ್ಟು ತಿನ್ನಬಹುದು. ಅದು ಒಮ್ಮೆ ಹಾಳಾದರೆ ಮೊದಲಿನ ಹಾಗೆ ಬೆಳೆಯುವುದಿಲ್ಲ, ಚಿಕ್ಕ ವಯಸ್ಸಿಗೇ ಮಂಡಿ ಸವೆತ ಶುರುವಾಗಬಹುದು. ನಾನು ಇಷ್ಟು ಅವಸರ ಮಾಡುವುದು ಇದಕ್ಕೇ. ಸಂಜೆಯೊಳಗೆ ಊದಿದ್ದು ಅಂದರೆ ಒಳಗೆ ರಕ್ತ ಸೇರಿರುವ ಅನುಮಾನವೂ ಇದೆ.

ಮೂಳೆ ಡಾಕ್ಟರ ಹತ್ತಿರ ಎರಡು ಸಲ ಜಾರಿದೆ ಅಂತ ಮೊದಲ ಮಾತಿನಲ್ಲೇ ಹೇಳಿ. ಸುಮ್ನೆ ಮಂಡಿ ನೋವು ಅಂದರೆ ಮತ್ತೆ ಮಾತ್ರೆ ಬರೆದು ಕಳಿಸಬಹುದು. ಎಕ್ಸ್‌ರೇಯಲ್ಲಿ ಎದುರಿನದು, ಪಕ್ಕದ್ದು ಅಷ್ಟೇ ಅಲ್ಲ, ಮಂಡಿ ಮಡಚಿ ತೆಗೆಯುವ ಸ್ಕೈಲೈನ್ ವ್ಯೂ ಕೂಡ ಬೇಕಾಗುತ್ತದೆ. ಎಂಆರ್‌ಐ ಬಗ್ಗೆ ನೀವೇ ಕೇಳಿ, ಶಿವಮೊಗ್ಗದಲ್ಲೇ ಆಗುತ್ತದೆ. ಲಿಗಮೆಂಟ್ ಎಲ್ಲಿ ಹರಿದಿದೆ, ಚೂರು ಬಿದ್ದಿದೆಯಾ, ತೋಡು ಆಳ ಇದೆಯಾ, ಚಿಪ್ಪು ತುಂಬಾ ಮೇಲೆ ಕೂತಿದೆಯಾ, ಎಲ್ಲ ಅದರಲ್ಲಿ ಗೊತ್ತಾಗುತ್ತದೆ. ಮಂಡಿಯ ಕೆಳಗಿನ ಮೂಳೆಯ ಮುಂದೆ ಚಿಪ್ಪಿನ ಪಟ್ಟಿ ಅಂಟಿರುವ ಗುಬಟು ತೋಡಿನಿಂದ ಎಷ್ಟು ಹೊರಗಿದೆ ಅಂತಲೂ ಅಳೆಯುತ್ತಾರೆ. ಅದು 20 ಮಿಲಿಮೀಟರ್ ದಾಟಿದ್ದರೆ ಬರೀ ಲಿಗಮೆಂಟ್ ಸರಿಮಾಡುವುದು ಸಾಲದೇ ಇರಬಹುದು.

ಎಣ್ಣೆ ತಿಕ್ಕುವುದು, ಎಳೆದು ತಿರುವುವುದು ಖಂಡಿತ ಬೇಡ. ನೀ-ಕ್ಯಾಪ್ ಹಾಕಿದರೆ ಧೈರ್ಯ ಬರುತ್ತದೆ, ಆದರೆ ಅದನ್ನು ನಂಬಿ ರೈಡ್‌ಗೆ ಇಳಿಯಬಾರದು.

ಲಿಫ್ಟರ್ ಹುಡುಗಿ (ಕೊಪ್ಪ):

ಅಣ್ಣ, ನಾನು ವಾಲಿಬಾಲ್ ಆಡುವವಳು. ನನಗೆ ಇದೇ ಎಂಪಿಎಫ್‌ಎಲ್ ಆಪರೇಷನ್ ಆಗಿದೆ, ಆಗುಂಬೆ ಘಾಟಿ ಇಳಿದು ಮಣಿಪಾಲದಲ್ಲಿ ಮಾಡಿಸಿದ್ದು. ತೊಡೆಯ ಹಿಂಬದಿಯಿಂದ ಒಂದು ಟೆಂಡನ್ (ಸ್ನಾಯುವನ್ನು ಮೂಳೆಗೆ ಸೇರಿಸುವ ನಾರು) ತೆಗೆದು, ಅದರಿಂದಲೇ ಹೊಸ ಲಿಗಮೆಂಟ್ ಕಟ್ಟುತ್ತಾರೆ. ಆಟ ಮುಗಿಯಲಿಲ್ಲ. ಈಗಲೂ ಆಡುತ್ತಿದ್ದೇನೆ.

ಆಪರೇಷನ್ನಿಗಿಂತ ಕಷ್ಟ ಅದರ ನಂತರದ್ದು. ತೊಡೆಯ ಮುಂದಿನ ಸ್ನಾಯು ಬಿಗಿ ಮಾಡು ಅಂದರೆ ಅದು ಕದಲುವುದೇ ಇಲ್ಲ, ಕಾಲು ನಮ್ಮದೇ ಅಲ್ಲ ಅನ್ನಿಸುತ್ತದೆ. ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತುತ್ತಾ ಕೂತು ಅತ್ತಿದ್ದೇನೆ. ಅಮ್ಮ ಪಕ್ಕದಲ್ಲಿ ಕೂತು ಒತ್ತು ಒತ್ತು ಅನ್ನುತ್ತಿದ್ದರು. ಆಮೇಲೆ ಒಂಟಿ ಕಾಲಲ್ಲಿ ನಿಲ್ಲುವುದು, ಮೆಟ್ಟಿಲು ನಿಧಾನ ಇಳಿಯುವುದು, ಸೊಂಟದ ಪಕ್ಕದ ಸ್ನಾಯು ಗಟ್ಟಿ ಮಾಡುವುದು. ಆಟಕ್ಕೆ ಮರಳಲು ಆರು ತಿಂಗಳಾದರೂ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಎರಡೂ ಕಾಲಿನ ಜಿಗಿತ, ಬಲ ಸಮ ಬಂದ ಮೇಲೇ ನನ್ನನ್ನು ಅಂಕಣಕ್ಕೆ ಬಿಟ್ಟಿದ್ದು.

ಒಂದು ಮಾತು, ಯಾರೂ ಮೊದಲೇ ಹೇಳುವುದಿಲ್ಲ. ಮನೆಯಲ್ಲಿ ಕುಕ್ಕರುಗಾಲಲ್ಲಿ ಕೂರುವ ಟಾಯ್ಲೆಟ್ ಇದ್ದರೆ ಕಮೋಡ್ ಚೇರ್ ಮೊದಲೇ ತಂದಿಡಿ.

ಪಿಟಿ ಮೇಷ್ಟ್ರು (ಹೊಸನಗರ):

ಆಟದ ಮೈದಾನದಲ್ಲಿ ಇರುವವರಿಗೆ ಎರಡು ಮಾತು. ಚಿಪ್ಪು ಜಾರಿದಾಗ ಕೈಯಿಂದ ಗುದ್ದಿ ಕೂರಿಸಲು ಹೋಗಬೇಡಿ. ಎಷ್ಟೋ ಸಲ ಕಾಲು ನಿಧಾನ ನೇರವಾದಾಗ ತಾನೇ ಒಳಗೆ ಬರುತ್ತದೆ. ಬರಲಿಲ್ಲ ಅಂದರೆ ಇದ್ದ ಹಾಗೇ ಆಧಾರ ಕೊಟ್ಟು ಕಟ್ಟಿ ಆಸ್ಪತ್ರೆಗೆ ಕರೆದೊಯ್ಯಿರಿ. ಪಾದ ತಣ್ಣಗಾದರೆ, ಜೋಮು ಹಿಡಿದರೆ ಒಂದು ನಿಮಿಷವೂ ತಡ ಮಾಡಬಾರದು.

ತಮ್ಮ, ತಂಗಿಯ ಕೋಚ್ ಹತ್ತಿರ ನೀನೇ ಹೋಗಿ ಮಾತಾಡು. ಹುಡುಗಿಯರು ಟೀಮಿನಲ್ಲಿ ಜಾಗ ಹೋಗುತ್ತದೆ ಅನ್ನುವ ಹೆದರಿಕೆಗೆ ನೋವು ಮುಚ್ಚಿಡುತ್ತಾರೆ. ವಾಪಸ್ ಬಂದ ಮೇಲೆ ನಿನಗೆ ಟ್ರಯಲ್ಸ್‌ನಲ್ಲಿ ಅವಕಾಶ ಇದೆ ಅಂತ ಕೋಚ್ ಬಾಯಲ್ಲೇ ಅವಳಿಗೆ ಹೇಳಿಸು. ಅರ್ಧ ಕೆಲಸ ಅಲ್ಲೇ ಆಗುತ್ತದೆ.

ತುಂಗೆದಂಡೆ (ತೀರ್ಥಹಳ್ಳಿ):

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ತಂಗಿಗೂ ಅಪ್ಪಯ್ಯನಿಗೂ ಓದಿ ಹೇಳಿದೆ. ಸೋಮವಾರ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋಗುತ್ತೇವೆ, ಹಳೇ ಎಕ್ಸ್‌ರೇ ಹುಡುಕಿ ಇಟ್ಟಿದ್ದೇನೆ. ಅಲ್ಲಿವರೆಗೆ ಮನೆಯಲ್ಲಿ ಏನು ಮಾಡಿಸಲಿ? ಅಡಿಕೆ ಸುಲಿಯುವ ಸಮಯ, ಅವಳು ಮೆಟ್ಟುಗತ್ತಿ ಮುಂದೆ ಕೂರುತ್ತೇನೆ ಅನ್ನುತ್ತಾಳೆ.

ಮಂಡಿ ಫಿಸಿಯೋ (ಶಿವಮೊಗ್ಗ):

ಮೆಟ್ಟುಗತ್ತಿ ಮುಂದೆ ಬೇಡ, ನೆಲದಲ್ಲಿ ಕೂರುವುದೇ ಬೇಡ. ಕುರ್ಚಿಯಲ್ಲಿ ಕೂತು ಕಾಲು ಚಾಚಿಕೊಳ್ಳಲಿ. ಐಸನ್ನು ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಡಿ, ದಿನಕ್ಕೆ ಮೂರ್ನಾಲ್ಕು ಸಲ. ನೋವಾಗದಿದ್ದರೆ ಆ ಹುಡುಗಿ ಹೇಳಿದ ಟವೆಲ್ ಒತ್ತುವ ವ್ಯಾಯಾಮ ಈಗಲೇ ಶುರು ಮಾಡಿಸಬಹುದು. ಮಂಡಿ ಮಧ್ಯದಲ್ಲೇ ಸಿಕ್ಕಿಹಾಕಿಕೊಂಡು ಮಡಚಲೂ ನೀಡಲೂ ಬರದಿದ್ದರೆ ಸೋಮವಾರದವರೆಗೆ ಕಾಯಬೇಡಿ, ಅವತ್ತೇ ಹೊರಡಿ.