ವಾಲ್ವ್ ಆಪರೇಷನ್ ಆಗಿ 19 ದಿನ, ಎದೆಯಲ್ಲಿ ಟಕ್ ಅನ್ನುತ್ತೆ: ತಂತಿ ಬಿಟ್ಟುಕೊಂಡಿದೆಯಾ?

ಪ್ರಶ್ನೆ
ಅಮ್ಮನಿಗೆ 58, ಶುಗರ್ ಇದೆ. ಹೃದಯದ ಮೈಟ್ರಲ್ ವಾಲ್ವ್ ತೆಗೆದು ಲೋಹದ್ದು ಹಾಕಿ, ಸೀಳಿದ ಎದೆಮೂಳೆಯನ್ನು ಸ್ಟೀಲ್ ತಂತಿಯಿಂದ ಬಿಗಿದಿದ್ದಾರೆ. ಮಗ್ಗುಲು ತಿರುಗುವಾಗ ಎದೆಯೊಳಗೆ ಟಕ್ ಅನ್ನುತ್ತಂತೆ. ನಿನ್ನೆಯಿಂದ ಹೊಲಿಗೆಯ ಕೆಳತುದಿಯಲ್ಲಿ ನೀರು ಜಿನುಗಿ ರವಿಕೆಗೆ ಅಂಟುತ್ತಿದೆ. ಜ್ವರ ಇಲ್ಲ. ಅರಿಶಿನ ಹಚ್ಚಿ ಅಂತಾರೆ. ಚೆಕಪ್ಪಿಗೆ ಇನ್ನೂ 10 ದಿನ ಇದೆ, ಕಾಯಬಹುದಾ?

ಐಸಿಯು ನರ್ಸ್
ಕಾಯಬೇಡಿ, ಆಪರೇಷನ್ ಮಾಡಿದ ಕಡೆಗೆ ಇವತ್ತೇ ಕರೆದೊಯ್ಯಿರಿ. ಬರೀ ಜಿನುಗಿದ್ದರೆ ಚರ್ಮದಡಿಯ ಕೊಬ್ಬು ಕರಗಿ ಬರುವ ನೀರಿರಬಹುದು. ಜೊತೆಗೆ ಟಕ್ ಕೂಡ ಅಂದರೆ, ಅದೂ ಶುಗರ್ ಇರುವವರಲ್ಲಿ, ಪರೀಕ್ಷೆ ಆಗುವ ತನಕ ಮೂಳೆ ಅಲ್ಲಾಡ್ತಿದೆ ಅಂತಲೇ ಹಿಡಿಯಬೇಕು. ಡಾಕ್ಟರ್ ಎದೆ ಮೇಲೆ ಅಂಗೈ ಇಟ್ಟು ಕೆಮ್ಮಿಸಿ ನೋಡ್ತಾರೆ. ನೀವು ಒತ್ತಿ ನೋಡಬೇಡಿ. ಸ್ಟೀಲ್ ತಂತಿ ಸಾಮಾನ್ಯವಾಗಿ 6ರಿಂದ 8 ಇರುತ್ತವೆ. ತಂತಿ ತುಂಡಾಗುವುದಕ್ಕಿಂತ ಮೆತ್ತಗಿನ ಮೂಳೆಯನ್ನು ಅದೇ ಕೊಯ್ದುಕೊಂಡು ಬರುವುದು ಹೆಚ್ಚು, ಆಗ ಎಕ್ಸ್‌ರೇಯಲ್ಲಿ ತಂತಿಗಳು ಸಾಲು ತಪ್ಪಿರುತ್ತವೆ.

ಅಲ್ಲಿಯವರೆಗೆ ಕೈ ತೊಳೆದು, ಸ್ಟೆರೈಲ್ ಗಾಜ್ ಇಟ್ಟು, ಒದ್ದೆಯಾದಾಗೆಲ್ಲ ಬದಲಿಸಿ. ಪೌಡರ್, ಎಣ್ಣೆ, ಮುಲಾಮು ಬೇಡ. ಅರಿಶಿನವಂತೂ ಬೇಡವೇ ಬೇಡ: ಆ ಹಳದಿಯಲ್ಲಿ ಗಾಯ ಕೆಂಪಾಗಿದೆಯೋ ಕೀವಾಗಿದೆಯೋ ಕಾಣುವುದೇ ಇಲ್ಲ. ಸ್ತನದ ಭಾರ ಹೊಲಿಗೆಯ ಕೆಳತುದಿಯನ್ನು ಎಳೆಯುತ್ತೆ. ಮುಂದೆ ಹುಕ್ಕಿರುವ ಮೆತ್ತನೆಯ ಬ್ರಾ ರಾತ್ರಿಯೂ ಇರಲಿ.

ಫಿಸಿಯೋ
ಚಾಪೆ ಬಿಟ್ಟು ಮಂಚಕ್ಕೆ ಬನ್ನಿ. ಏಳುವಾಗ ದಿಂಬನ್ನು ಎದೆಗೆ ಅವಚಿಕೊಂಡು ಮಗ್ಗುಲಾಗಿ ಕಾಲು ಕೆಳಗೆ ಬಿಡಲಿ, ನೀವು ಬೆನ್ನ ಹಿಂದೆ ಕೈ ಕೊಡಿ. ತೋಳು ಹಿಡಿದು ಎಳೆದು ಎಬ್ಬಿಸುವುದೇ ಎಲ್ಲರೂ ಮಾಡುವ ತಪ್ಪು. ಕೆಮ್ಮುವಾಗಲೂ ದಿಂಬು ಬೇಕು. ಮೂಳೆ ಕೂಡಲು ಸುಮಾರು 12 ವಾರ. ಅಲ್ಲಿಯವರೆಗೆ ಎರಡು ಮೂರು ಕಿಲೋ ಮೀರಿ ಎತ್ತಬಾರದು. ಅರ್ಧ ಬಕೆಟ್ ನೀರೇ ಏಳೆಂಟು ಕಿಲೋ ತೂಗುತ್ತೆ.

ಫಾರ್ಮಸಿಸ್ಟ್
ಅಂಗಡಿಯಿಂದ ಆಂಟಿಬಯೋಟಿಕ್ ತಂದು ಕೊಡಬೇಡಿ. ಹೊಸ ವಾಲ್ವ್ ಇದ್ದವರಿಗೆ ಜ್ವರ ಬಂದರೆ ಮೊದಲು ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಬೆಳೆಯುತ್ತಾ ಅಂತ ನೋಡುವ ಪರೀಕ್ಷೆ), ಆಮೇಲೆ ಮಾತ್ರೆ. ಮುಂಚೆಯೇ ನುಂಗಿದ್ದರೆ ವಾಲ್ವ್‌ಗೆ ಸೋಂಕು ತಗುಲಿದ್ದರೂ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು. ಮೆಟ್ರೋನಿಡಜೋಲ್‌ನಂಥವು ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತೆ ಅನ್ನುವ ಅಳತೆ) ಏರಿಸುತ್ತವೆ ಕೂಡ. ರಕ್ತ ತೆಳುವಾಗಿಸುವ ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಕೊನೆಯ ಐಎನ್‌ಆರ್ ಚೀಟಿ ಜೊತೆಗಿರಲಿ.

ಪ್ರಶ್ನೆ ಕೇಳಿದವರು
ಹೊರಟಿದ್ದೀವಿ. ತಂತಿ ಮುಂದೆ ತೆಗೆಸಬೇಕಾ?

ಐಸಿಯು ನರ್ಸ್
ಇಲ್ಲ, ಜೀವನಪೂರ್ತಿ ಇರುತ್ತೆ. ಸಣಕಲು ಮೈಯವರಿಗೆ ತುದಿ ಚುಚ್ಚಿದರೆ, ಇಲ್ಲಾ ಕೀವಾದರೆ ಮಾತ್ರ ತೆಗೀತಾರೆ. ಎಂಆರ್‌ಐಗೂ ತಂತಿ ಸಾಮಾನ್ಯವಾಗಿ ಅಡ್ಡಿಯಾಗಲ್ಲ, ಯಾವ ವಾಲ್ವ್ ಅಂತ ಬರೆದಿರುವ ವಾಲ್ವ್ ಕಾರ್ಡ್ ತೋರಿಸಿ.